ರೈಲು ಪ್ರಯಾಣವೂ ದೇಶದರ್ಶನವೂ

ದೆಹಲಿಗೆ ಹೋಗಿಬರುವುದು ಈಗ ಒಂದು ದಿನದ ಕೆಲಸವಾಗಿದೆ. ರಾಮನಗರದ ರೇಷ್ಮೆ ವ್ಯಾಪಾರಿಯೊಬ್ಬನು ನಡುರಾತ್ರಿ ಕಳೆದೊಡನೆ ಮನೆ ಬಿಟ್ಟರೆ, ದೇವನಹಳ್ಳಿಯಲ್ಲಿ ವಿಮಾನವನ್ನೇರಿ, ಸುಮಾರು ಮೂರು ಗಂಟೆಗಳಲ್ಲಿ ದೆಹಲಿಯಲ್ಲಿಳಿದು, ಕೆಲಸ ಮುಗಿಸಿ, ಆ ರಾತ್ರಿಯೇ ಹಿಂದಿರುಗಬಹುದು. ಇದನ್ನು ನಾವು ಆಕ್ಷೇಪಿಸತಕ್ಕವರಲ್ಲ. ರೋಗಿಗೂ, ಸಾವಿನ ಸುದ್ದಿ ಕೇಳಿ ಧಾವಿಸುವವನಿಗೂ ವಿಮಾನವು ಮಹೋಪಕಾರಿಯೇ ಸರಿ. ಆದರೆ ಅವಸರವಿಲ್ಲದವರೂ ಅವಸರಪಡುವುದನ್ನು ಕಲಿತಿರುವ ಈ ಕಾಲದಲ್ಲಿ, ನೆಲದ ಮೇಲಣ ದಾರಿಯ ವಿಷಯವಾಗಿ ವಾಚಕರೊಡನೆ ನಾಲ್ಕು ಮಾತುಗಳನ್ನಾಡುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

ನಾವೂ ಹಲವು ವರ್ಷ ಹಾರಿದವರೇ. ಈಚೆಗೆ ಚನ್ನಪಟ್ಟಣದ ಬೊಂಬೆ ಕೆಲಸದವರೊಬ್ಬರು ದೆಹಲಿಯ ಕಡೆಯ ಮೇಳವೊಂದಕ್ಕೆ ಹೊರಟಾಗ, ಅವರ ಒತ್ತಾಯಕ್ಕೆ ಕಟ್ಟುಬಿದ್ದು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಜತೆಗೂಡಿದೆವು. ವಿಮಾನವೇಕೆ ಬೇಡವೆಂದು ಕೇಳಿದ್ದಕ್ಕೆ ಅವರ ಉತ್ತರ ಸರಳವಾಗಿತ್ತು: “ಸ್ವಾಮಿ, ನಾನು ಹೋಗುವುದು ದೊಡ್ಡದಲ್ಲ, ನನ್ನ ಬೊಂಬೆ ಹೋಗಬೇಕಲ್ಲ.” ವಿಮಾನದ ಸಾಮಾನ್ಯ ಟಿಕೀಟಿಗೆ ಒಪ್ಪಿಸಿಕೊಳ್ಳುವ ಸಾಮಾನು ಸಾಧಾರಣವಾಗಿ 15 ಕಿಲೋ, ರೈಲಿನ ಸ್ಲೀಪರ್ ದರ್ಜೆಯಲ್ಲಿ ಬಾಡಿಗೆಯಿಲ್ಲದೆ 40 ಕಿಲೋ ಒಯ್ಯಬಹುದು. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಬದುಕುವವನಿಗೆ ಈ 25 ಕಿಲೋಗಳ ಅಂತರವೇ ಲಾಭನಷ್ಟಗಳ ಅಂತರ.

ದಾರಿ ಸುಮಾರು 2,400 ಕಿಲೋಮೀಟರು. ಎರಡು ರಾತ್ರಿ, ನಡುವೆ ಒಂದು ಹಗಲು. ಸಂಜೆ ಬೆಂಗಳೂರನ್ನು ಬಿಟ್ಟ ಗಾಡಿಯು ಆಂಧ್ರದ ಅನಂತಪುರ, ಗುಂತಕಲ್ಲುಗಳನ್ನು ಕತ್ತಲೆಯಲ್ಲಿ ದಾಟಿ, ಮರಳಿ ನಮ್ಮದೇ ನಾಡಾದ ರಾಯಚೂರು, ಯಾದಗಿರಿ, ಕಲಬುರಗಿಗಳನ್ನು ಸೇರುತ್ತದೆ. ಕಲಬುರಗಿಯಲ್ಲಿ ಹತ್ತಿದ ಕುಟುಂಬವೊಂದು ಜೋಳದ ರೊಟ್ಟಿಯ ಗಂಟನ್ನು ಬಿಚ್ಚಿ ನಮಗೂ ಹಂಚಿತು. ಅವರ ಕನ್ನಡವನ್ನು ನಾವು, ನಮ್ಮ ಕನ್ನಡವನ್ನು ಅವರು, ಎರಡೆರಡು ಸಲ ಕೇಳಿ ತಿಳಿದುಕೊಂಡೆವು. ಏಕೀಕರಣವು 1956ರಲ್ಲಿಯೇ ಆಯಿತಷ್ಟೆ. ನಮ್ಮ ಮಟ್ಟಿಗೆ ಅದರ ಒಂದು ಅಂಶವು ಆ ಬೆಳಗ್ಗೆ ಪೂರ್ತಿಯಾಯಿತೆನ್ನಬೇಕು. ಮುಂದೆ ಭೀಮೆ, ಗೋದಾವರಿ, ತಾಪಿ, ನರ್ಮದೆ, ಚಂಬಲ್. ಸ್ನಾನಸಂಕಲ್ಪದಲ್ಲಿ ಹೆಸರು ಹೇಳಿ ಮುಗಿಸುತ್ತಿದ್ದ ನದಿಗಳಲ್ಲಿ ಕೆಲವನ್ನು ಸೇತುವೆಯ ಗುಡುಗಿನಿಂದ ಗುರುತಿಸಿದೆವು. ಭೂಸಾವಳದಲ್ಲಿ ಹತ್ತಿದ ಮಗುವೊಂದು ಅಳತೊಡಗಲು ನಮ್ಮ ಮಿತ್ರರು ಬುಗುರಿಯೊಂದನ್ನು ತೆಗೆದು ತಿರುಗಿಸಿದರು. ಆ ತಾಯಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಆದಾಗ್ಯೂ ಇಟಾರ್ಸಿಯವರೆಗೆ ಸಂಭಾಷಣೆ ನಿಲ್ಲಲಿಲ್ಲ.

ಮಹಾತ್ಮ ಗಾಂಧಿಯವರು 1909ರ ‘ಹಿಂದ್ ಸ್ವರಾಜ್’ ಗ್ರಂಥದಲ್ಲಿ ರೈಲುಗಳನ್ನು ಕಟುವಾಗಿ ಖಂಡಿಸಿ, ಅವು ಕ್ಷಾಮವನ್ನು ಹೆಚ್ಚಿಸುವುವೆಂದು ಬರೆದರು. ಅದೇ ಮಹಾತ್ಮರು 1915ರಲ್ಲಿ ಸ್ವದೇಶಕ್ಕೆ ಬಂದ ಮೇಲೆ, ಗೋಖಲೆಯವರ ಸಲಹೆಯಂತೆ ದೇಶವನ್ನರಿಯಲು ಹೊರಟು ಮೂರನೆಯ ದರ್ಜೆಯ ಡಬ್ಬಿಯನ್ನೇ ಹತ್ತಿದರು. ಅಲ್ಲಿಯ ಕೊಳಕನ್ನೂ ನೂಕುನುಗ್ಗಲನ್ನೂ ಕುರಿತು 1917ರಲ್ಲಿ ಬರೆದರು. ನಮ್ಮ ಊರುಗಳ ರೈಲುದಾರಿಯಾದರೋ ಕ್ಷಾಮದಲ್ಲಿಯೇ ಹುಟ್ಟಿದುದು. 1876–78ರ ಧಾತು-ಈಶ್ವರದ ಬರದಲ್ಲಿ ಹಸಿದವರಿಗೆ ಕೂಲಿ ದೊರೆಯಲೆಂದು ಬೆಂಗಳೂರು–ಮೈಸೂರು ಮಾರ್ಗದ ಮಣ್ಣು ಕೆಲಸ ಮೊದಲಾಯಿತು. 1882ರಲ್ಲಿ ಗಾಡಿ ಮೈಸೂರನ್ನು ಮುಟ್ಟಿತು. ರಾಮನಗರ, ಚನ್ನಪಟ್ಟಣಗಳಲ್ಲಿ ನಾವಿಂದು ಏರುವ ಆ ದಿಬ್ಬವನ್ನು ಹಸಿದ ಕೈಗಳು ಕಟ್ಟಿದವು. ಅಂತಹ ದಾರಿಯ ಮೇಲೆ ಬಡವನ ಹಕ್ಕು ಮೊದಲನೆಯದಲ್ಲವೆ?

ಆದರೆ ಈಗ ನಡೆಯುತ್ತಿರುವುದೇನು? 2022ರ ನವೆಂಬರಿನಿಂದ ಮೈಸೂರಿಗೂ ಚೆನ್ನೈಗೂ ನಡುವೆ ಓಡುತ್ತಿರುವ ವಂದೇ ಭಾರತ್ ಗಾಡಿಯು ನಮ್ಮ ಊರುಗಳನ್ನು ಬೀಸಿಕೊಂಡು ಹೋಗುತ್ತದೆ. ಅದರಲ್ಲಿ ಸಾಮಾನ್ಯ ದರ್ಜೆಯ ಡಬ್ಬಿಯೇ ಇಲ್ಲ. ದೂರದ ಗಾಡಿಗಳ ಸಾಮಾನ್ಯ ಡಬ್ಬಿಗಳಲ್ಲಿ ಜನರು ಬಾಗಿಲ ಮೆಟ್ಟಿಲವರೆಗೆ ಜೋತುಕೊಂಡಿದ್ದುದನ್ನು ನಾವು ಕಣ್ಣಾರೆ ಕಂಡೆವು. ವೃದ್ಧರಿಗಿದ್ದ ದರದ ರಿಯಾಯಿತಿಯನ್ನು 2020ರ ಮಾರ್ಚಿಯಲ್ಲಿ ರೋಗದ ಕಾರಣದಿಂದ ತೆಗೆದರು. ರೋಗವು ಹೋಯಿತು, ರಿಯಾಯಿತಿ ಹಿಂದಿರುಗಲಿಲ್ಲ. ಕನಕಪುರದ ಮಾರ್ಗವಾಗಿ ಚಾಮರಾಜನಗರಕ್ಕೆ ಹೋಗಬೇಕಾದ ರೈಲುದಾರಿಯು ಕಳೆದ ಶತಮಾನದಲ್ಲಿಯೇ ಮಂಜೂರಾದರೂ ಕನಕಪುರದವರು ಇನ್ನೂ ಸೀಟಿಯ ಸದ್ದನ್ನು ಕೇಳಲಿಲ್ಲ. ಮಾಗಡಿಯ ಕೆಂಪೇಗೌಡರ ಹೆಸರನ್ನು 2013ರಲ್ಲಿ ವಿಮಾನ ನಿಲ್ದಾಣಕ್ಕೆ ಇಟ್ಟರು, ಸಂತೋಷ. ಮಾಗಡಿಗೆ ಮಾತ್ರ ರೈಲು ನಿಲ್ದಾಣವಿಲ್ಲ.

ರೈಲು ನಿಧಾನವೆಂಬುದು ನಿಜ. ಗಾಡಿ ತಡವಾಗುವುದೂ, ಶೌಚಗೃಹಗಳು ಅಸಹ್ಯವಾಗಿರುವುದೂ ನಿಜ. ನಮ್ಮ ಪ್ರಯಾಣದಲ್ಲಿಯೂ ಎರಡನ್ನೂ ಅನುಭವಿಸಿದೆವು. ಆದರೆ ಅನುಕೂಲವುಳ್ಳವರೆಲ್ಲರೂ ಆಕಾಶಕ್ಕೆ ಹೋದರೆ ನೆಲದ ಮೇಲಿನ ಕೊಳಕನ್ನು ಕೇಳುವವರಾರು? ಓದುಬರಹ ಬಲ್ಲವರು ಡಬ್ಬಿಯಲ್ಲಿ ಕುಳಿತಿದ್ದರೆ ದೂರಿನ ಪತ್ರವಾದರೂ ಹುಟ್ಟುತ್ತದೆ. ಇದಲ್ಲದೆ, ಒಬ್ಬ ಪ್ರಯಾಣಿಕನ ಪಾಲಿಗೆ ವಿಮಾನವು ಗಾಳಿಗೆ ಸೇರಿಸುವ ಹೊಗೆಯು ರೈಲಿನದಕ್ಕಿಂತ ಅನೇಕ ಪಟ್ಟು ಹೆಚ್ಚು; ಮಳೆಯನ್ನು ನಂಬಿ ಹಿಪ್ಪುನೇರಳೆಯನ್ನೂ ರಾಗಿಯನ್ನೂ ಬೆಳೆಯುವ ಸೀಮೆಯವರು ಇದನ್ನು ಮರೆಯಲಾಗದು.

ಆದಕಾರಣ ನಮ್ಮ ಬಿನ್ನಹ ಎರಡು. ಅಧಿಕಾರಿವರ್ಗದವರು ಸಾಮಾನ್ಯ ದರ್ಜೆಯ ಡಬ್ಬಿಗಳನ್ನು ಹೆಚ್ಚಿಸಿ, ವೃದ್ಧರ ರಿಯಾಯಿತಿಯನ್ನು ಮರಳಿಸಿ, ಕನಕಪುರದ ದಾರಿಯನ್ನು ಕೈಗೆತ್ತಿಕೊಳ್ಳತಕ್ಕದ್ದು. ವಾಚಕರಾದರೋ ಬರುವ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಉತ್ತರದೇಶಕ್ಕೆ ರೈಲಿನಲ್ಲಿಯೇ ಕರೆದೊಯ್ಯಲಿ. ಸ್ಥಳವನ್ನು 60 ದಿನಗಳ ಮೊದಲು ಕಾದಿರಿಸಬಹುದು. ಬುತ್ತಿ ಸ್ವಲ್ಪ ಹೆಚ್ಚಾಗಿಯೇ ಇರಲಿ, ಎದುರಿನ ಆಸನದವರಿಗೂ ಬೇಕಾಗುತ್ತದೆ.