ಒಂದೇ ಪರಿಮಳ, ಎರಡು ಮೂಗು

ಮಗ್ರಿಬ್ ಹೊತ್ತಿಗೆ ನಿಮ್ಮ ಮನೆಯಲ್ಲಿ ಲೋಬಾನ ಹಾಕುತ್ತೀರಾ? ಹಾಗಾದರೆ ಈ ಸಂಗತಿ ನಿಮಗೂ ಹೊಸದಲ್ಲ. ದೊಡ್ಡಬಳ್ಳಾಪುರದ ಮಗ್ಗದ ಕೆಲಸದ ದಂಪತಿ ನನ್ನ ದವಾಖಾನೆಗೆ ಬಂದಿದ್ದರು. ಆಕೆಗೆ ಮೂರನೇ ತಿಂಗಳು. "ಹಕೀಮ್ ಸಾಬ್, ಇಷ್ಟು ವರ್ಷ ಇಲ್ಲದ್ದು ಈಗ ಲೋಬಾನ ಅಂದ್ರೆ ವಾಂತಿ ಅಂತಾಳೆ. ನನಗಂತೂ ಹೊಗೆ ಹಾಕಿದ್ದೇ ಗೊತ್ತಾಗಲ್ಲ. ಅಮ್ಮಿ ಇದು ನಾಟಕ ಅಂತಾರೆ" ಎಂದರು ಗಂಡ.

ನಾಟಕವಲ್ಲ. ವಾಸನೆ ಹಿಡಿಯುವುದರಲ್ಲೂ ಅದರ ಹೆಸರು ಗುರುತಿಸುವುದರಲ್ಲೂ ಹೆಂಗಸರು ಸರಾಸರಿಯಲ್ಲಿ ಗಂಡಸರಿಗಿಂತ ಸ್ವಲ್ಪ ಮುಂದೆ. ಬ್ರೆಜಿಲ್‌ನ ವಿಜ್ಞಾನಿಗಳು 2014ರಲ್ಲಿ, ಮರಣಾನಂತರ ದೊರೆತ 18 ಮಿದುಳುಗಳನ್ನು ಪರೀಕ್ಷಿಸಿದಾಗ, ವಾಸನೆಯ ಸಂದೇಶ ಮೊದಲು ತಲುಪುವ ಭಾಗದಲ್ಲಿ ಸ್ತ್ರೀಯರಿಗೆ ಸುಮಾರು ಶೇ. 43ರಷ್ಟು ಹೆಚ್ಚು ಜೀವಕೋಶಗಳು ಕಂಡವು. ಆದರೆ ಕೋಶ ಹೆಚ್ಚಿದ್ದ ಮಾತ್ರಕ್ಕೆ ಮೂಗು ಅಷ್ಟೇ ಪಟ್ಟು ಚುರುಕು ಎಂದಲ್ಲ. ಇಬ್ಬರ ನಡುವಿನ ವ್ಯತ್ಯಾಸ ಚಿಕ್ಕದೇ. ಗರ್ಭಿಣಿಯ ವಿಷಯ ಬೇರೆ: ಮೊದಲ ತಿಂಗಳುಗಳಲ್ಲಿ ನಿನ್ನೆ ಹಿಡಿಸಿದ ಒಗ್ಗರಣೆ, ಅತ್ತರು ಇಂದು ಹೊಟ್ಟೆ ತೊಳಸುವುದುಂಟು.

ಅಭ್ಯಾಸವೂ ಮೂಗನ್ನು ಬದಲಿಸುತ್ತದೆ. ವಿಜಯಪುರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಡೆ ಹೋಗಿ ನೋಡಿ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಬೇಸಿನ್ ಮುಂದೆ ಕೂತವರಿಗೆ ಏನೂ ಅನ್ನಿಸುವುದಿಲ್ಲ. ಬೀಡಿ, ಸಿಗರೇಟೂ ಮೂಗನ್ನು ಮಂದಗೊಳಿಸುತ್ತವೆ.

ನಮ್ಮ ಯುನಾನಿಯಲ್ಲಿ ಪುರುಷರ ಮಿಝಾಜ್ ಹೆಚ್ಚು ಬಿಸಿ ಮತ್ತು ಒಣ, ಸ್ತ್ರೀಯರದು ತಂಪು ಮತ್ತು ತೇವ ಎನ್ನುತ್ತಾರೆ. ಇಬ್ನ್ ಸೀನಾ ಹೃದಯದ ಔಷಧಿಗಳ ಬಗ್ಗೆಯೇ ಒಂದು ಗ್ರಂಥ ಬರೆದು ಸುಗಂಧದ ವಸ್ತುಗಳಿಗೆ ಅಲ್ಲಿ ಸ್ಥಾನ ಕೊಟ್ಟರು. ಮೂಸಿಸುವ ಔಷಧಿಗೆ ಶಮೂಮ್ ಎಂಬ ಹೆಸರೇ ಇದೆ. ಹಾಗೆಂದು ಗಂಡಸಿಗೆ ಈ ಶೀಶೆ, ಹೆಂಗಸಿಗೆ ಆ ಶೀಶೆ ಎಂದು ಹಂಚುವವರನ್ನು ನಾನು ಒಪ್ಪುವುದಿಲ್ಲ. ಮಿಝಾಜ್ ಒಬ್ಬೊಬ್ಬರದೂ ಬೇರೆ. ವಯಸ್ಸು, ಋತು, ಕಸುಬು ಎಲ್ಲ ನೋಡಬೇಕು.

ಆ ಮನೆಗೆ ನಾನು ಹೇಳಿದ್ದು ಇಷ್ಟೇ. ಲೋಬಾನ ಸದ್ಯಕ್ಕೆ ಬೇಡ. ವಾಕರಿಕೆ ಬಂದಾಗ ನಿಂಬೆಸಿಪ್ಪೆ ಕಿವುಚಿ ಮೂಸಲಿ, ಹಿಡಿಸಿದರೆ ಪುದೀನ. ಹಿಡಿಸದಿದ್ದರೆ ಬಲವಂತ ಬೇಡ. ನೀರೂ ನಿಲ್ಲದಷ್ಟು ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಗಂಡನಿಗೂ ಒಂದು ಪ್ರಶ್ನೆ ಕೇಳಿದೆ: "ಹೊಗೆ ಹಾಕಿದ್ದೇ ಗೊತ್ತಾಗಲ್ಲ ಅಂದ್ರಲ್ಲ, ಎಷ್ಟು ದಿನದಿಂದ?" ಕಣ್ಣು ಮುಚ್ಚಿಸಿ ಕಾಫಿಪುಡಿ, ಏಲಕ್ಕಿ, ಲವಂಗ ಹಿಡಿದೆ. ಮೂರೂ ಗೊತ್ತಾಗಲಿಲ್ಲ. ಗಂಡಸರು ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಗ್ಯಾಸ್ ಸೋರಿದರೂ, ಅನ್ನ ಹಳಸಿದರೂ ತಿಳಿಯದ ಮೂಗು ಅಪಾಯ. ನೆಗಡಿ, ಸೈನಸ್, ಕೋವಿಡ್‌ನಿಂದ ಹೀಗಾಗಬಹುದು. ಕೆಲವೊಮ್ಮೆ ಪಾರ್ಕಿನ್ಸನ್ ಕಾಯಿಲೆಯ ಮುಂಚಿನ ಲಕ್ಷಣವೂ ಇದೇ. ಅವರನ್ನು ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಕಳಿಸಿದೆ. ಮೂಗಿನೊಳಗೆ ಮಾಂಸ ಬೆಳೆದಿತ್ತು.

ಹೆರಿಗೆಯಾದ ಮೇಲೆ ಮತ್ತೆ ಬಂದರು. ಆಕೆಗೆ ಈಗ ಲೋಬಾನ ಹಿಡಿಸುತ್ತದೆ. ಮಗುವಿಗೆ ಮಾತ್ರ ಕೆಮ್ಮು, ಗೊರಗೊರ ಸದ್ದು. ಸ್ನಾನವಾದ ಮೇಲೆ ದಿನವೂ ಅಜ್ಜಿ ಹೊಗೆ ಕೊಡುತ್ತಿದ್ದರು, ಎದೆಗೆ ಕರ್ಪೂರ ಹಾಕಿದ ಎಣ್ಣೆ ಬೇರೆ. ಎಳೆಗೂಸಿಗೆ ಹೊಗೆ ಬೇಡ. ಕರ್ಪೂರ, ನೀಲಗಿರಿ ಎಣ್ಣೆ ಮೂಗಿನ ಹತ್ತಿರವೂ ಬೇಡ, ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು ಎಂದೆ.

ಗಂಡ ತಲೆ ಕೆರೆದುಕೊಂಡರು. "ಅಮ್ಮಿ ಹೊರಗೆ ಕೂತಿದ್ದಾರೆ. ಅದನ್ನ ನೀವೇ ಹೇಳಿಬಿಡಿ ಸಾಬ್."