ಗೊರಬಿನಿಂದ ರೇನ್‌ಕೋಟಿನವರೆಗೆ: ಮೀನು ಹಿಡಿಯುವವರ ಮಳೆಯುಡುಪು

ಮೃಗಶಿರಾ ಮಳೆ ಹಿಡಿಯಿತೆಂದರೆ ನಮ್ಮ ಶಿರಾಳಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ಅಟ್ಟದ ಮೇಲಿಂದ ಎರಡು ವಸ್ತುಗಳು ಕೆಳಗಿಳಿಯುತ್ತವೆ. ಒಂದು ಮೀನಿನ ಗಾಳ ಅಥವಾ ಬಲೆ. ಇನ್ನೊಂದು ಕೊಪ್ಪೆ. ಎರಡೂ ಜೊತೆಯಾಗಿಯೇ ಹೊರಡುತ್ತವೆ, ಏಕೆಂದರೆ ಮೀನು ಸಿಗುವುದೂ ಮಳೆ ಸುರಿಯುವುದೂ ಒಂದೇ ಹೊತ್ತಿನಲ್ಲಿ.

ಜೂನ್ ತಿಂಗಳ ಮೊದಲ ಜೋರು ಮಳೆಗೆ ಹಳ್ಳ, ಗದ್ದೆ, ಕೆರೆಗಳೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಆಗ ಹೊಳೆಯ ಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಮೇಲಕ್ಕೆ ಹತ್ತುತ್ತವೆ. ಅದಕ್ಕೇ ಮಲೆನಾಡಿನಲ್ಲಿ ಅವಕ್ಕೆ ‘ಹತ್ತುಮೀನು’ ಎಂಬ ಹೆಸರು. ಸೊರಬದ ಕಡೆಯ ದಂಡಾವತಿ, ವರದಾ, ಶಿಕಾರಿಪುರದ ಕುಮುದ್ವತಿ, ಇವುಗಳಿಗೆ ಸೇರುವ ನೂರಾರು ಹಳ್ಳಗಳು ಎಲ್ಲವೂ ಆಗ ಕೆಂಪು ನೀರಿನಲ್ಲಿ ತುಂಬಿರುತ್ತವೆ. ಕೆರೆಗಳಿಗಂತೂ ನಮ್ಮಲ್ಲಿ ಬರವಿಲ್ಲ. ಹತ್ತಿರದ ತಾಳಗುಂದದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ವಿಷಯ ಅಲ್ಲಿನ ಕಂಬದ ಶಾಸನದಲ್ಲೇ ಇದೆ. ಅದು ಸುಮಾರು 1500 ವರ್ಷಗಳ ಹಿಂದಿನ ಮಾತು. ಅಂದಿನಿಂದಲೂ ಈ ನೀರಿನ ಪಕ್ಕ ಯಾರೋ ಒಬ್ಬರು ಮಳೆಯಲ್ಲಿ ನೆನೆಯುತ್ತಾ ಗಾಳ ಹಿಡಿದು ಕೂತಿದ್ದಿರಬೇಕು!

ಮೊನ್ನೆ ಆರನೇ ತರಗತಿಯ ನನ್ನ ಮೊಮ್ಮಗಳು ಕೇಳಿದಳು: “ಅಜ್ಜ, ನಮ್ಮೂರಿನ ಹೆಸರಿನಲ್ಲಿ ಕೊಪ್ಪ ಇದೆಯಲ್ಲ, ಅದು ಈ ಕೊಪ್ಪೆಯಿಂದ ಬಂತಾ?” ಪ್ರಶ್ನೆ ಚೆನ್ನಾಗಿಯೇ ಇತ್ತು. ಆದರೆ ಅಲ್ಲ. ಕೊಪ್ಪ ಎಂದರೆ ಚಿಕ್ಕ ಹಳ್ಳಿ. ಕೊಪ್ಪೆ ಎಂದರೆ ತಲೆಯಿಂದ ಬೆನ್ನಿನ ಮೇಲೆ ಇಳಿಬಿಡುವ ಮಳೆಯ ಹೊದಿಕೆ. ಉತ್ತರ ಅಲ್ಲಿಗೆ ಮುಗಿಯಿತು, ಅವಳ ಪ್ರಶ್ನೆಗಳು ಮುಗಿಯಲಿಲ್ಲ. ಹಿಂದೆ ಏನು ಹೊದೆಯುತ್ತಿದ್ದಿರಿ? ಈಗ ಯಾವುದು ಒಳ್ಳೆಯದು? ಎಷ್ಟು ವರ್ಷ ಬರುತ್ತದೆ? ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಂಬಳಿ ಕೊಪ್ಪೆ

ನಮ್ಮ ಬಾಲ್ಯದಲ್ಲಿ ದೊಡ್ಡವರದು ಕಂಬಳಿ ಕೊಪ್ಪೆ, ಮಕ್ಕಳದು ಗೋಣಿ ಕೊಪ್ಪೆ. ಗೋಣಿಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತುರುಕಿದರೆ ಮುಗಿಯಿತು, ತಲೆಗೆ ಟೊಪ್ಪಿ, ಬೆನ್ನಿಗೆ ಹೊದಿಕೆ. ಕಂಬಳಿಯದೂ ಅದೇ ಮಡಿಕೆ. ಕರಿಕುರಿಯ ಉಣ್ಣೆಯ ಕಂಬಳಿಗಳು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಚಿತ್ರದುರ್ಗದ ಕಡೆಯ ಊರುಗಳು, ಹೀಗೆ ಬಯಲುಸೀಮೆಯಿಂದ ಸಂತೆಗೆ ಬರುತ್ತಿದ್ದವು. ಬಯಲಿನ ಕುರಿ ಮಲೆನಾಡಿನ ಮಳೆಗೆ ಅಂಗಿ ಕೊಡುತ್ತಿತ್ತು ಎನ್ನಬಹುದು.

ಕಂಬಳಿ ನೆಂದರೂ ಮೈ ಬೆಚ್ಚಗಿರುವುದೇಕೆ? ಉಣ್ಣೆಯ ಎಳೆಯ ಹೊರಮೈಗೆ ನೀರಿನ ಹನಿ ಅಷ್ಟು ಬೇಗ ಅಂಟುವುದಿಲ್ಲ. ಕುರಿಯ ಮೈಯ ಜಿಡ್ಡೂ ಅದಕ್ಕೆ ಸಹಾಯ ಮಾಡುತ್ತದೆ. ಆದರೆ ಎಳೆಯ ಒಳಗೆ ತೇವದ ಆವಿ ಸೇರಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀಗೆ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ನೇಯುವಾಗ ಎಳೆಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಅದರಿಂದ ಕಂಬಳಿ ಬಿರುಸಾಗಿ ನಿಲ್ಲುತ್ತದೆ, ಮಳೆ ಬೇಗ ಒಳಗಿಳಿಯದೆ ಮೇಲೆಯೇ ಜಾರುತ್ತದೆ.

ಆದ್ದರಿಂದ ಕಂಬಳಿಯನ್ನು ಪದೇ ಪದೇ ತೊಳೆಯಬಾರದು. ಬಿಸಿನೀರು, ಸೋಪಿನ ಪುಡಿ ಹಾಕಿದರೆ ಜಿಡ್ಡೂ ಹೋಯಿತು, ಗಂಜಿಯೂ ಹೋಯಿತು. ಕೆಸರು ಒಣಗಿದ ಮೇಲೆ ಕೊಡವಿದರೆ ಸಾಕು. ತೊಳೆಯಲೇಬೇಕಾದರೆ ತಣ್ಣೀರು, ಅಂಟುವಾಳದ ನೊರೆ. ಹಿಂಡದೆ ಗಳುವಿನ ಮೇಲೆ ಹರಡಿ ಒಣಗಿಸಬೇಕು.

ಬೆನ್ನ ಮೇಲೊಂದು ಆಮೆಚಿಪ್ಪು

ಗೊರಬು ಇನ್ನೂ ಜಾಣತನದ ವಸ್ತು. ಬಿದಿರಿನ ಸೀಳುಗಳಿಂದ ಕಣ್ಣುಕಣ್ಣಾಗಿ ಎರಡು ಪದರ ಹೆಣೆದು, ನಡುವೆ ಒಣಗಿದ ಅಗಲ ಎಲೆಗಳನ್ನು ಮನೆಯ ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿರುತ್ತಾರೆ. ತಲೆಯ ಮೇಲಿಟ್ಟರೆ ಬೆನ್ನು ಮುಚ್ಚಿ ಮೊಣಕಾಲಿನವರೆಗೆ ಇಳಿಯುತ್ತದೆ. ಸಸಿ ನೆಡಲು ಅಥವಾ ಗದ್ದೆಯ ಕಟ್ಟಿನಲ್ಲಿ ಕೂಣಿ ಇಡಲು ಬಗ್ಗಿದಾಗ ಥೇಟ್ ಆಮೆಯಂತೆ ಕಾಣುತ್ತಿದ್ದೆವು. ಎರಡೂ ಕೈ ಬಿಡುವು. ಕೆಳಗಿನಿಂದ ಗಾಳಿಯಾಡುವುದರಿಂದ ಬೆವರುವುದಿಲ್ಲ. ಕೊಡೆಗೆ ಈ ಗುಣ ಎಲ್ಲಿದೆ?

ಇದು ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಬಹಳ ಮಳೆ ಬೀಳುವ ಮೇಘಾಲಯದ ಖಾಸಿ ಜನರು ಇಂಥದ್ದನ್ನೇ ಬಿದಿರು ಮತ್ತು ಎಲೆಯಿಂದ ಮಾಡಿ ‘ಕ್ನೂಪ್’ ಎನ್ನುತ್ತಾರೆ. ಮಹಾರಾಷ್ಟ್ರದ ಕೊಂಕಣದಲ್ಲಿ ಇದು ‘ಇರ್ಲೆ’. ಜಪಾನಿನ ರೈತರು, ಮೀನುಗಾರರು ಹುಲ್ಲಿನಿಂದ ‘ಮಿನೊ’ ಎಂಬ ಮಳೆಯಂಗಿ ಹೆಣೆದುಕೊಳ್ಳುತ್ತಿದ್ದರು. ಒಬ್ಬರನ್ನೊಬ್ಬರು ನೋಡದವರು ಒಂದೇ ಮಳೆಗೆ ಒಂದೇ ಉತ್ತರ ಕಂಡುಕೊಂಡರು.

ನಮ್ಮ ತಂದೆ ಮಳೆಗಾಲ ಮುಗಿದ ಮೇಲೆ ಗೊರಬನ್ನು ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕುತ್ತಿದ್ದರು. ಹೊಗೆ ಹಿಡಿದ ಬಿದಿರಿಗೆ ಹುಳು ಬೀಳುವುದಿಲ್ಲ. ಎಲೆ ಹರಿದರೆ ಎಲೆ ಮಾತ್ರ ಬದಲಿಸುತ್ತಿದ್ದರು, ಬಿದಿರಿನ ಹಂದರ ವರ್ಷಗಟ್ಟಲೆ ಅದೇ. ಇಂದು ಗೊರಬು ಹೆಣೆಯುವ ಕೈಗಳು ಕಡಿಮೆ. ನಿಮ್ಮ ಮನೆಯ ಅಟ್ಟದಲ್ಲಿ ಒಂದಿದ್ದರೆ, ಮಕ್ಕಳೇ, ಅಜ್ಜ ಅಜ್ಜಿಯನ್ನು ಕೂರಿಸಿಕೊಂಡು ಅದನ್ನು ಹೇಗೆ ಹೆಣೆದಿದ್ದಾರೆಂದು ಕೇಳಿ ಬರೆದಿಡಿ.

ಎಣ್ಣೆಬಟ್ಟೆ, ರಬ್ಬರು, ರೇನ್‌ಕೋಟು

ಸಮುದ್ರದ ಮೀನುಗಾರರಿಗೆ ಎಲೆಯ ಗೊರಬು ಸಾಲದು, ಗಾಳಿ ಹೊತ್ತೊಯ್ಯುತ್ತದೆ. ಯೂರೋಪಿನಲ್ಲಿ ಅವರು ಬಟ್ಟೆಗೆ ಅಗಸೆ ಎಣ್ಣೆ ಕುಡಿಸಿ ಒಣಗಿಸಿ ತೊಡುತ್ತಿದ್ದರು. ನಾರ್ವೆಯ ಹಡಗಿನ ಕಪ್ತಾನ ಹೆಲ್ಲಿ ಯುಯೆಲ್ ಹ್ಯಾನ್ಸನ್ ಮತ್ತು ಅವನ ಹೆಂಡತಿ ಮಾರ್ಗರೆಥೆ 1877ರಲ್ಲಿ ಇಂಥ ಎಣ್ಣೆಬಟ್ಟೆಯ ಉಡುಪುಗಳನ್ನೇ ಹೊಲಿದು ಮಾರಲು ಶುರುಮಾಡಿದರು.

ಅದಕ್ಕೂ ಮೊದಲು, 1823ರಲ್ಲಿ, ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಬಳಿದು ಅಂಟಿಸುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಆ ಕೋಟು ಸೆಕೆಗೆ ಅಂಟುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆಂದು ಕಂಡುಕೊಂಡ. ನಮ್ಮ ದೇಶದಲ್ಲಿ 1920ರಲ್ಲಿ ಸುರೇಂದ್ರ ಮೋಹನ್ ಬೋಸ್ ಬಂಗಾಳದಲ್ಲಿ ಆರಂಭಿಸಿದ ಕಾರ್ಖಾನೆಯ ‘ಡಕ್‌ಬ್ಯಾಕ್’ ರೇನ್‌ಕೋಟುಗಳು ಊರೂರಿಗೆ ಹೋದವು. ಡಕ್‌ಬ್ಯಾಕ್ ಎಂದರೆ ಬಾತುಕೋಳಿಯ ಬೆನ್ನು. ನೀರು ನಿಲ್ಲದೆ ಜಾರುವ ಬೆನ್ನು, ಎಷ್ಟು ಒಪ್ಪುವ ಹೆಸರು!

ಅಂಗಡಿಯಲ್ಲಿ ಏನು ನೋಡಬೇಕು?

ಪೇಟೆಯ ಅಂಗಡಿಯಲ್ಲಿ ಈಗ ಮುಖ್ಯವಾಗಿ ಮೂರು ಬಗೆ. ತೆಳು ಪ್ಲಾಸ್ಟಿಕ್ ಕೊಪ್ಪೆ ಅಗ್ಗ, ಆದರೆ ಒಂದು ಮುಳ್ಳುಬೇಲಿ ದಾಟಿದರೆ ಮುಗಿಯಿತು. ಬಟ್ಟೆಯ ಮೇಲೆ ಪಿವಿಸಿ ಬಳಿದದ್ದು ಭಾರ, ಸೆಕೆ, ಆದರೆ ಗಟ್ಟಿ. ಬಲೆಯ ಕೆಸರು, ಮೀನಿನ ಲೋಳೆ, ಲಂಟಾನದ ಮುಳ್ಳು ಎಲ್ಲವನ್ನೂ ತಡೆಯುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರಿನ ಒಳಮೈಗೆ ತೆಳುವಾಗಿ ಲೇಪ ಕೊಟ್ಟದ್ದು ಹಗುರ, ಬೈಕಿನಲ್ಲಿ ಒಯ್ಯಲು ಚೆನ್ನ.

ಕೊಳ್ಳುವ ಮುಂಚೆ ಕೋಟನ್ನು ಒಳಗು ಹೊರಗು ಮಾಡಿ ಹೊಲಿಗೆ ನೋಡಿ. ಮಳೆ ಒಳಗೆ ಬರುವುದು ಬಟ್ಟೆಯಿಂದಲ್ಲ, ಸೂಜಿ ಚುಚ್ಚಿದ ತೂತುಗಳಿಂದ. ಭುಜ, ಕಂಕುಳು, ಟೊಪ್ಪಿ, ಎಲ್ಲ ಹೊಲಿಗೆಯ ಮೇಲೂ ಅಂಟಿನ ಪಟ್ಟಿ ಪೂರ್ತಿ ಇರಬೇಕು. ಝಿಪ್ಪಿನ ಮೇಲೆ ಮುಚ್ಚುವ ಪಟ್ಟಿ, ಅದಕ್ಕೆ ಟಿಚ್ ಬಟನ್ ಇರಲಿ. ತೋಳಿನ ತುದಿಯಲ್ಲಿ ಒಳಗೊಂದು ಎಲಾಸ್ಟಿಕ್ ಕೈಮುಚ್ಚು ಇದ್ದರೆ, ಗಾಳದ ಕೋಲು ಎತ್ತಿದಾಗ ನೀರು ಮೊಣಕೈವರೆಗೆ ಹರಿಯುವುದಿಲ್ಲ. ಕಂಕುಳಲ್ಲಿ ಗಾಳಿಯ ತೂತು ಇಲ್ಲದಿದ್ದರೆ ಹೊರಗೆ ಮಳೆ, ಒಳಗೆ ಬೆವರು, ಎರಡು ಕಡೆಯಿಂದಲೂ ಒದ್ದೆ.

ಕೆಲವು ಕೋಟುಗಳ ಚೀಟಿಯಲ್ಲಿ 1500 ಮಿ.ಮೀ., 5000 ಮಿ.ಮೀ. ಎಂದು ಬರೆದಿರುತ್ತಾರೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಎಂದು ಅದರ ಅರ್ಥ. 1500 ಎಂದರೆ ಒಂದೂವರೆ ಮೀಟರ್. ಒದ್ದೆ ಏರಿಯ ಮೇಲೆ ಕೂತಾಗ ನಮ್ಮ ಭಾರವೂ ನೀರನ್ನು ಒಳಗೆ ಒತ್ತುತ್ತದೆ. ಆದ್ದರಿಂದ ಗಂಟೆಗಟ್ಟಲೆ ಕೂರುವವರಿಗೆ ದೊಡ್ಡ ಅಂಕಿಯೇ ಒಳ್ಳೆಯದು.

ಅಳತೆ ನೋಡುವಾಗ ಸ್ವೆಟರ್ ಮೇಲೆ ತೊಟ್ಟು ಎರಡೂ ಕೈ ಎತ್ತಿ, ಬಗ್ಗಿ, ಕುಕ್ಕರಗಾಲಿನಲ್ಲಿ ಕೂತು ನೋಡಿ. ಬಲೆ ಬೀಸುವವರಿಗೆ ಪ್ಯಾಂಟು, ಅಂಗಿ ಬೇರೆ ಬೇರೆ ಇರುವುದು ಒಳ್ಳೆಯದು, ಉದ್ದ ಕೋಟು ಕಾಲಿಗೆ ಸಿಕ್ಕುತ್ತದೆ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಮೋಡ ಕವಿದ ಸಂಜೆ ಕೆರೆಯ ಏರಿಯ ಮೇಲಿರುವ ಮನುಷ್ಯ ಮನೆಯವರ ಕಣ್ಣಿಗೆ ಬೀಳಬೇಕು.

ಹತ್ತು ಮಳೆಗಾಲ ಬರಬೇಕೆಂದರೆ

ನನ್ನ ತಮ್ಮ ಒಳ್ಳೆಯ ಕೋಟೊಂದನ್ನು ಕೊಂಡಿದ್ದ. ಒದ್ದೆಯಾದದ್ದನ್ನು ಹಾಗೇ ಮಡಚಿ ಬೈಕಿನ ಡಿಕ್ಕಿಯಲ್ಲಿಟ್ಟು ಮರೆತ. ಮುಂದಿನ ಜೂನಿಗೆ ತೆಗೆದರೆ ಒಳಗಿನ ಲೇಪ ಹಪ್ಪಳದಂತೆ ಸುಲಿದು ಬರುತ್ತಿತ್ತು. ತೇವ ಮತ್ತು ಸೆಕೆ ಜೊತೆಯಾದರೆ ಈ ಲೇಪ ಒಡೆದುಹೋಗುತ್ತದೆ. ಮಳೆಯುಡುಪನ್ನು ಹಾಳುಮಾಡುವುದು ಮಳೆಯಲ್ಲ, ಮಳೆಯ ಮೇಲಿನ ನಮ್ಮ ಅಸಡ್ಡೆ.

ಮನೆಗೆ ಬಂದ ಕೂಡಲೇ ಕೆಸರು, ಮೀನಿನ ಲೋಳೆಯನ್ನು ತಣ್ಣೀರಿನಲ್ಲಿ ತೊಳೆಯಿರಿ. ಹಿಂಡಬೇಡಿ, ಬ್ರಷ್ ಹಾಕಿ ಉಜ್ಜಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಗಾಳಿಯಾಡುವ ನೆರಳಿನಲ್ಲಿ ನೇತುಹಾಕಿ, ಹೊರಮೈ ಒಣಗಿದ ಮೇಲೆ ತಿರುಗಿಸಿ ಒಳಮೈ ಒಣಗಿಸಿ. ಬೇಗ ಒಣಗಲೆಂದು ಒಲೆಯ ಪಕ್ಕ ಇಟ್ಟರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಬೆಂಕಿಯ ಭಯವೂ ಇದೆ. ಎತ್ತಿಡುವಾಗ ಗೆರೆ ಬೀಳುವಂತೆ ಮಡಚದೆ ಚಾಪೆಯಂತೆ ಸುತ್ತಿಡಿ. ಪಿವಿಸಿ ಕೋಟು ಅಂಟುತ್ತಿದ್ದರೆ ಸ್ವಲ್ಪ ಮುಖದ ಪೌಡರ್ ಉದುರಿಸಿ. ಝಿಪ್ಪು ಬಿಗಿಯಾದರೆ ಮೇಣದಬತ್ತಿಯ ತುಂಡಿನಿಂದ ಸವರಿ. ರಬ್ಬರಿನ ಗಂಬೂಟಿಗೆ ಸೈಕಲ್ ಅಂಗಡಿಯ ಪಂಕ್ಚರ್ ತೇಪೆ ಸಾಕು. ಪಿವಿಸಿಗೆ ಮಾತ್ರ ಆ ಸೊಲ್ಯೂಷನ್ ಬಹಳ ದಿನ ನಿಲ್ಲದು, ಪಿವಿಸಿಯದೇ ಅಂಟು ಬೇಕು. ಗಾಳದ ಕೊಕ್ಕೆಯನ್ನು ಎಂದೂ ಕೋಟಿನ ಜೇಬಿಗೆ ಹಾಕಬೇಡಿ. ಒಂದು ಬಿರಡೆಗೆ ಚುಚ್ಚಿಡಿ, ಕೋಟೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ಕೋಟಿಗಿಂತ ಜೀವ ದೊಡ್ಡದು

ನಾನು ಐದನೇ ತರಗತಿಯಲ್ಲಿದ್ದಾಗ ನಮ್ಮ ಚಿಕ್ಕಪ್ಪ ಕೆರೆಯ ಕೋಡಿಯಲ್ಲಿ ಕಾಲು ಜಾರಿ ನೀರಿಗೆ ಬಿದ್ದರು. ನೆನೆದ ಕಂಬಳಿ ಕಲ್ಲಿನಷ್ಟು ಭಾರ. ಪುಣ್ಯಕ್ಕೆ ಅದನ್ನು ಕತ್ತಿಗೆ ಬಿಗಿದಿರಲಿಲ್ಲ, ತಲೆಯ ಮೇಲೆ ಸುಮ್ಮನೆ ಇಳಿಬಿಟ್ಟಿದ್ದರು. ಕಂಬಳಿ ನೀರಿನೊಡನೆ ಹೋಯಿತು, ಚಿಕ್ಕಪ್ಪ ಕೇದಗೆಯ ಮೆಳೆ ಹಿಡಿದು ದಡಕ್ಕೆ ಬಂದರು. ಅವರಿಗೆ ಹೊಸ ಕಂಬಳಿಯದೇ ಚಿಂತೆ. ಅಜ್ಜಿ ಗದರಿದರು: “ಕಂಬ್ಳಿ ಹೋದ್ರೆ ಹೋಗ್ಲಿ ಬಿಡೋ, ನೀನು ಬಂದ್ಯಲ್ಲ!”

ಆ ಮಾತು ಇಂದಿನ ಕೋಟಿಗೂ ಸಲ್ಲುತ್ತದೆ. ಕತ್ತಿನ ದಾರಕ್ಕೆ ಎಳೆದರೆ ಬಿಚ್ಚುವ ಗಂಟು ಮಾತ್ರ ಹಾಕಿ. ಗಂಬೂಟು ಒದರಿದರೆ ಕಳಚುವಷ್ಟು ಸಡಿಲವಿರಲಿ, ನೀರು ತುಂಬಿದ ಬೂಟು ಕಾಲೆತ್ತಲು ಬಿಡುವುದಿಲ್ಲ. ಕೋಡಿ ಬಿದ್ದ ಕೆರೆ, ಕೆಂಪು ನೀರಿನ ಹಳ್ಳಕ್ಕೆ ಮಕ್ಕಳು ಒಬ್ಬರೇ ಹೋಗಲೇಬಾರದು. ಕಾಲಿನಲ್ಲಿ ಗಾಯವಿದ್ದರೆ ಕೆಸರು ನೀರಿಗೆ ಇಳಿಯಬೇಡಿ, ಇಲಿಜ್ವರ ಹರಡುವುದು ಹೀಗೆಯೇ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಗಾಳ ಸುತ್ತಿ ಮನೆಯೊಳಗೆ ಬನ್ನಿ. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಕಾಯಿರಿ. ಸಿಡಿಲಿಗೆ ಯಾವ ರೇನ್‌ಕೋಟೂ ಅಡ್ಡ ಬಾರದು.

ಇನ್ನೊಂದು ಮಾತು. ಹತ್ತುಮೀನು ಮೇಲೇರುವುದು ಮೊಟ್ಟೆಯಿಡಲು. ಹೊಟ್ಟೆ ತುಂಬಿದ ಮೀನು ಸಿಕ್ಕರೆ ಬಿಟ್ಟುಬಿಡಿ. ಒಳ್ಳೆಯ ಕೋಟು ಹತ್ತು ಮಳೆಗಾಲ ಬಂದರೂ, ಹತ್ತನೇ ಮಳೆಗಾಲಕ್ಕೆ ಹಳ್ಳದಲ್ಲಿ ಮೀನಿಲ್ಲದಿದ್ದರೆ ಏನು ಬಂತು?

ಮಾಡಿ ನೋಡಿ

ಹಳೆಯ ಹತ್ತಿ ಬಟ್ಟೆ, ಕಂಬಳಿಯ ಚೂರು, ಗೋಣಿಯ ತುಂಡು, ಹರಿದ ರೇನ್‌ಕೋಟಿನ ತುಂಡು, ಕೆಸುವಿನ ಎಲೆ, ಈ ಐದನ್ನು ಸಾಲಾಗಿ ಐದು ಲೋಟಗಳ ಬಾಯಿಗೆ ಕಟ್ಟಿ. ಪ್ರತಿಯೊಂದರ ಮೇಲೂ ಎರಡು ಚಮಚ ನೀರು ಹಾಕಿ. ಯಾವುದರಲ್ಲಿ ಹನಿ ಮುತ್ತಿನಂತೆ ನಿಂತಿತು? ಯಾವುದು ಮೊದಲು ಸೋರಿತು? ಹತ್ತು ನಿಮಿಷದ ನಂತರ ಲೋಟಗಳಲ್ಲಿ ಎಷ್ಟೆಷ್ಟು ನೀರಿದೆ? ಬರೆದುಕೊಳ್ಳಿ. ಆಮೇಲೆ ಕಂಬಳಿಯ ಚೂರನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ. ಕಂಬಳಿಗೆ ಸೋಪು ಏಕೆ ಬೇಡವೆಂದು ಅಜ್ಜಿ ಹೇಳುತ್ತಿದ್ದರೋ ನಿಮಗೇ ತಿಳಿಯುತ್ತದೆ.