ಕಾರಿನ ಮೆದುಳಿಗೆ ಕಿಲುಬು

ನಮಗೆ ಮೆದುಳು ಇರುವಂತೆ ಈಗಿನ ಕಾರುಗಳಿಗೂ ಒಂದು ಮೆದುಳು ಇದೆ. ಅದರ ಹೆಸರು ಇಸಿಯು. ಇದು ಟಿಫಿನ್ ಡಬ್ಬಿಯಷ್ಟಿರುವ ಕಂಪ್ಯೂಟರ್. ಇಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಸೆನ್ಸರ್‌ಗಳು ಇದಕ್ಕೆ ತಿಳಿಸುತ್ತವೆ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಯಾವಾಗ ಕಿಡಿ ಹೊತ್ತಿಸಬೇಕು ಎಂದು ಇದು ಲೆಕ್ಕ ಹಾಕುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಮಾವನ ಬಾಡಿಗೆ ಕಾರು ಸ್ಟಾರ್ಟ್ ಆಗಲಿಲ್ಲ. ಒಂದು ಕಡೆ ತೋರಿಸಿದಾಗ "ಇಸಿಯು ಹೋಗಿದೆ, ಹೊಸದೇ ಹಾಕ್ಬೇಕು" ಅಂದ್ರಂತೆ. ಅಷ್ಟು ದುಡ್ಡಿಗೆ ನಮ್ಮ ಗೌರಿ ಹಸುವನ್ನು ಮಾರೋಣ ಅಂತ ಮನೇಲಿ ಮಾತಾಡ್ತಿದ್ರು. ನನಗೆ ಅಳು ಬಂತು. ಆಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಬಂದರು. ಅವರ ಪಕ್ಕ ನಿಂತು ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ.

"ಡಬ್ಬಿ ಮೇಲೆ ತಪ್ಪು ಹೊರಿಸೋ ಮೊದ್ಲು ಹೊರಗಡೆದೆಲ್ಲಾ ನೋಡ್ಬೇಕು ಮರಿ" ಅಂದ್ರು ಅವರು. ಕೀ ತಿರುಗಿಸಿದಾಗ ಮೀಟರಿನಲ್ಲಿ ಇಂಜಿನ್ ಚಿತ್ರದ ದೀಪ ಹತ್ತಬೇಕು. ಹತ್ತಲಿಲ್ಲ. ಬ್ಯಾಟರಿ ನೋಡಿದರು, 12.6 ವೋಲ್ಟ್ ಇತ್ತು. ಫ್ಯೂಸ್ ಸರಿ ಇತ್ತು. ಡಬ್ಬಿಗೆ ಕರೆಂಟ್ ಬರುತ್ತಿತ್ತು, ಅರ್ಥ್ ವೈರೂ ಚೆನ್ನಾಗಿತ್ತು. ಆದರೆ ಇಸಿಯು ಸೆನ್ಸರ್‌ಗಳಿಗೆ ಕೊಡಬೇಕಾದ 5 ವೋಲ್ಟ್ ಇರಲಿಲ್ಲ. ಒಂದು ಸೆನ್ಸರ್ ಶಾರ್ಟ್ ಆದರೂ ಹೀಗಾಗಬಹುದಂತೆ. ಅದಕ್ಕೆ ಒಂದೊಂದೇ ಸೆನ್ಸರ್ ಬಿಚ್ಚಿ ನೋಡಿದರು. ಆಗಲೂ 5 ವೋಲ್ಟ್ ಬರಲಿಲ್ಲ. ಹಾಗಾದರೆ ತೊಂದರೆ ಒಳಗೇ ಇದೆ ಎಂದಾಯಿತು.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು, ಆಮೇಲೆ ಡಬ್ಬಿ ಬಿಚ್ಚಿದರು. "ಬೋರ್ಡ್ ಮುಟ್ಬೇಡ" ಅಂತ ನನಗೆ ಹೇಳಿದರು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತದಲ್ಲಾ, ಆ ಸ್ಥಾಯಿ ವಿದ್ಯುತ್ತು ನಮ್ಮ ಮೈಯಿಂದ ಹರಿದರೂ ಚಿಪ್ ಹಾಳಾಗಬಹುದು.

ಒಳಗೆ ಒಂದು ಮೂಲೆಯಲ್ಲಿ ಹಸಿರು ಕಿಲುಬು! ಮಳೆ ನೀರು ವೈರಿನ ಗುಂಟ ಇಳಿದು ಒಳಗೆ ಸೇರಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್‌ನಿಂದ ಉಜ್ಜಿ ಒಣಗಿಸಿದರು. ಭೂತಗನ್ನಡಿಯಲ್ಲಿ ನೋಡಿದರೆ 12 ವೋಲ್ಟನ್ನು 5 ಮಾಡುವ ಭಾಗಕ್ಕೆ ಹೋಗುವ ತಾಮ್ರದ ಗೆರೆ ತುಂಡಾಗಿತ್ತು. ಅಲ್ಲಿ ತೆಳು ತಂತಿ ಬೆಸುಗೆ ಹಾಕಿದರು. ನೀರು ಬಂದ ದಾರಿಯನ್ನೂ ಮುಚ್ಚಿದರು. ಕೀ ತಿರುಗಿಸಿದ ಕೂಡಲೇ ದೀಪ ಹತ್ತಿತು, ಇಂಜಿನ್ನೂ ಸ್ಟಾರ್ಟ್ ಆಯಿತು!

ಎಲ್ಲಾ ಇಸಿಯು ಹೀಗೆ ಸರಿಹೋಗುವುದಿಲ್ಲ. ಲೆಕ್ಕ ಹಾಕುವ ಮುಖ್ಯ ಚಿಪ್ಪೇ ಸುಟ್ಟಿದ್ದರೆ ಬೆಸುಗೆಯಿಂದ ಪ್ರಯೋಜನವಿಲ್ಲ. ಆದರೆ ಪರೀಕ್ಷೆ ಮಾಡದೆ ಯಾವುದನ್ನೂ ಕೆಟ್ಟಿದೆ ಎನ್ನಬಾರದು ಎಂದು ನಾನು ಕಲಿತೆ. ಗೌರಿ ಈಗಲೂ ನಮ್ಮ ಕೊಟ್ಟಿಗೆಯಲ್ಲೇ ಇದ್ದಾಳೆ.

– 7ನೇ ತರಗತಿ